ಹಂಪಿಯ ಹಳೆ ಚಿತ್ರದಾಗ ಕಾಣದ ಮಂದಿ

ಈ ಸ್ಮರಣ ಸಂಚಿಕೆಗಾಗಿ ನಮ್ಮ ಸಂಘದ ಹಳೆಯ ಫೋಟೋ ಹುಡುಕಿದಾಗ ಸಿಕ್ಕಿದ್ದು ಒಂದೇ, ಕಚೇರಿ ತೆರೆದ ದಿನದ್ದು. ಅದರಲ್ಲಿ ಬೋರ್ಡು ಐತಿ, ಕಟ್ಟಿ ಐತಿ, ಹಾರ ಹಾಕಿಕೊಂಡ ನಾಲ್ಕು ಮಂದಿ ಹಿರಿಯರಿದ್ದಾರೆ. ಸುಗ್ಗಿಯ ಕೂಲಿ ಉಳಿಸಿ ಮೊದಲ ಷೇರು ಹಣ ಕಟ್ಟಿದ ಹೆಣ್ಣುಮಕ್ಕಳು ಮಾತ್ರ ಅದರಲ್ಲಿಲ್ಲ. ಹಂಗಂತ ಅವರು ಅಂದು ಬಂದಿರಲಿಲ್ಲ ಅನ್ನಲಾದೀತೇನ್ರಿ? ಈ ಮಾತು ನಡೆದಾಗಲೇ ನಮಗೆ ಹಂಪಿಯ ಫೋಟೋಗಳು ನೆನಪಾದವು.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ಹಂಪಿಯ ಅರವತ್ತರಷ್ಟು ಚಿತ್ರಗಳನ್ನು ತೆಗೆದ. ಆಗ ರೀಲು ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದವೇ ನೆಗೆಟಿವ್. ಆ ಕಾಗದಗಳು ಬಹುಕಾಲ ಕಣ್ಮರೆಯಾಗಿದ್ದು, 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು, ಅವೇ ನೋಟಗಳನ್ನು ಮತ್ತೆ ಫೋಟೋ ಹಿಡಿದರು. ಎರಡನ್ನೂ ಜೋಡಿಸಿಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷ ಒಂದೇ ಪುಟದಲ್ಲಿ ಕುಳಿತಂತೆ.

ವಿಠ್ಠಲ ಗುಡಿಯ ಕಲ್ಲಿನ ತೇರನ್ನೇ ತಗೊಳ್ರಿ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಅದು ಐತಿ, ನಿಮ್ಮ ಕಿಸೆಯಲ್ಲೇ ಇದ್ದೀತು. ನೋಟಿನಲ್ಲಿ ತೇರಿನ ನೆತ್ತಿ ಬೋಳು. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆ ಗಾರೆಯ ಶಿಖರವಿದೆ! ಆ ಚಿತ್ರ ಇರದಿದ್ದರೆ ತೇರು ಮೊದಲಿಂದಲೂ ಹೀಗೇ ಇತ್ತು ಅಂತ ನಾವೆಲ್ಲ ಅಂದುಕೊಳ್ಳುತ್ತಿದ್ದೆವು. ಕಲ್ಲಿನ ಲೆಕ್ಕ ಹೇಳುವುದರಲ್ಲಿ ಹಳೆ ಫೋಟೋದಷ್ಟು ನಂಬಿಗಸ್ತ ಸಾಕ್ಷಿ ಬೇರೆ ಇಲ್ಲ.

ಮಂದಿಯ ಲೆಕ್ಕ ಹಂಗಲ್ಲ. ಗ್ರೀನ್‌ಲಾನ ಹಂಪಿ ಬಹುತೇಕ ನಿರ್ಜನ. ನೋಡಿದವರಿಗೆ, 1565ರ ಯುದ್ಧದ ನಂತರ ಅಲ್ಲಿ ನರಪಿಳ್ಳೆ ಇರಲಿಲ್ಲವೇನೋ ಅನಿಸಬೇಕು. ಆದರೆ ಆ ಮೇಣದ ಕಾಗದಕ್ಕೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗುಡಿ, ಬಂಡೆ ಅಲುಗಾಡುವುದಿಲ್ಲ, ಅವು ಮೂಡುತ್ತವೆ. ಮುಂದೆ ನಡೆದುಹೋದ ಮನುಷ್ಯ, ದನ, ಬಂಡಿ ಯಾವುದೂ ಕಾಗದದ ಮೇಲೆ ನಿಲ್ಲುವುದಿಲ್ಲ. ವಿರೂಪಾಕ್ಷನ ಪೂಜೆ ನಿಂತೇ ಇರಲಿಲ್ಲ. ಚಿತ್ರ ತೆಗೆಯುವುದಕ್ಕೆ ಹತ್ತೊಂಬತ್ತು ವರ್ಷ ಮೊದಲು, 1837ರಲ್ಲಿ, ಬಳ್ಳಾರಿಯ ಕಲೆಕ್ಟರ್ ರಾಬರ್ಟ್‌ಸನ್ ಅಲ್ಲಿಯ ದೊಡ್ಡ ಗೋಪುರ ರಿಪೇರಿ ಮಾಡಿಸಿದ್ದ. ಭಕ್ತರೇ ಬಾರದ ಗುಡಿಗೆ ಯಾವ ಕಲೆಕ್ಟರ್ ರೊಕ್ಕ ಹಾಕ್ಯಾನು?

ಇದು ಬರೇ ಫೋಟೋದ ಕಥೆಯಾಗಿ ಮುಗಿಯಲಿಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿರೂಪಾಕ್ಷ ಬಜಾರಿನ ಸಾಲು ಮಂಟಪಗಳಲ್ಲಿ ಮನೆ, ಚಹಾದಂಗಡಿ, ಹೂವಿನಂಗಡಿ ಇಟ್ಟುಕೊಂಡಿದ್ದವರನ್ನು 2011ರ ಜುಲೈ ಕೊನೆಗೆ ಒಕ್ಕಲೆಬ್ಬಿಸಿ, ಕಟ್ಟಿಕೊಂಡಿದ್ದನ್ನು ಕೆಡವಲಾಯಿತು. ಎಷ್ಟೋ ಕುಟುಂಬಗಳಿಗೆ ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ಕೊಟ್ಟರು. ಮಂಟಪಕ್ಕೆ ಸಿಮೆಂಟು ಮೆತ್ತಿದ್ದು, ಕಂಬಕ್ಕೆ ಮೊಳೆ ಹೊಡೆದದ್ದು ತಪ್ಪೇ. ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬಜಾರ್ ಎಂಬ ಹೆಸರೇ ಕೊಡುವವರು ಕೊಳ್ಳುವವರು ಇದ್ದದ್ದರಿಂದ ಬಂದದ್ದು. ಈಗ ಅಲ್ಲಿ ಹೊಸದಾಗಿ ಫೋಟೋ ತೆಗೆದರೆ, ಅದು 1983ಕ್ಕಿಂತ 1856ರ ಚಿತ್ರಕ್ಕೇ ಹತ್ತಿರವಾದೀತು. ಮಂದಿ ಹೋದ ಮೇಲೆ ಕಲ್ಲಾದರೂ ಗಟ್ಟಿ ಉಳಿಯಿತೇ ಅಂದರೆ, 2024ರ ಮೇ ಮಳೆಗೆ ಅದೇ ಸಾಲು ಮಂಟಪದ ಒಂದು ಭಾಗ ಕುಸಿಯಿತು.

ನಮ್ಮ ಖಾನಾಪುರ ತಾಲೂಕಿನ ಹಲಸಿಯೂ ಕದಂಬರ ಕಾಲಕ್ಕೆ ಪಲಾಶಿಕೆ ಎಂಬ ರಾಜಧಾನಿಯಾಗಿತ್ತು. ಅಲ್ಲಿಯ ಭೂವರಾಹ ನರಸಿಂಹ ಗುಡಿಗೆ ಹೋದವರು ಗುಡಿಯೊಂದನ್ನೇ ಫೋಟೋ ಹೊಡ್ಕೊಂಡು ಬರುತ್ತಾರೆ, ನಾವೂ ಹಂಗೇ ಮಾಡಿದವರು. ಮುಂದಿನ ಸಲ ಓಣಿಯದೂ ಒಂದು ತೆಗೆಯಬೇಕು. ಕೆಳಗೆ ತಾರೀಖು ಬರೆದಿಡಬೇಕು.

ನಮ್ಮ ಸಂಘದ ಆ ಒಂದೇ ಫೋಟೋವನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಸಿದ್ದೇವೆ. ಅದರ ಕೆಳಗೆ ಷೇರು ರಜಿಸ್ಟರ್ ನೋಡಿ, ಚಿತ್ರದಲ್ಲಿ ಇಲ್ಲದ ಮೊದಲ ಸದಸ್ಯೆಯರ ಹೆಸರುಗಳನ್ನೂ ಸೇರಿಸಿದ್ದೇವೆ. ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ದಯಮಾಡಿ ಕಾರ್ಯದರ್ಶಿಗಳಿಗೆ ತಿಳಿಸಬೇಕು.