ಓದಿ ಹೇಳುವವರು

ನವಲಗುಂದ, ಕುಂದಗೋಳದ ಕಡೆಯ ಹಳ್ಳಿಗಳಲ್ಲಿ ಓದು ಬಾರದವರ ಮನೆಗೆ ಕಾಗದ ಬಂದರೆ ಅದನ್ನು ಓದಿ ಹೇಳಲು ಒಬ್ಬರು ಬೇಕಾಗುತ್ತಿತ್ತು. ಅಂಚೆಯವನೋ, ಕನ್ನಡ ಸಾಲಿ ಮಾಸ್ತರರೋ. "ಯಪ್ಪಾ, ಏನ್ ಬರದಾರ ಓದಿ ಹೇಳು" ಎಂದು ಕೈಗೆ ಕೊಟ್ಟ ಮೇಲೆ ಮಗಳ ಗಂಡನ ಮನೆಯ ಕಷ್ಟ, ಸೊಸೈಟಿ ಸಾಲದ ನೋಟಿಸು ಎಲ್ಲವೂ ಮೊದಲು ಅವರಿಗೆ ಗೊತ್ತಾಗುತ್ತಿತ್ತು, ಆಮೇಲೆ ಮನೆಯವರಿಗೆ. ಬೇರೆ ದಾರಿ ಇರಲಿಲ್ಲ. ನಮ್ಮ ಭಾಗಕ್ಕೆ ಮೊಬೈಲಿನಲ್ಲಿ ಅಂತರ್ಜಾಲ ಬಂದದ್ದೂ ಇಂಥ ಓದಿ ಹೇಳುವವರ ಮೂಲಕವೇ. ಇವತ್ತು ಯಾವ ಬ್ರೌಸರ್ ಬಳಸಬೇಕು ಎಂದು ಕೇಳುವವರಿಗೆ ನಾನು ಈ ಚರಿತ್ರೆಯಿಂದಲೇ ಶುರು ಮಾಡುತ್ತೇನೆ.

ನಾರ್ವೆಯ ಒಪೆರಾ ಕಂಪನಿ 2006ರ ಜನವರಿಯಲ್ಲಿ ಒಪೆರಾ ಮಿನಿಯನ್ನು ಜಗತ್ತಿಗೆಲ್ಲ ಬಿಡುಗಡೆ ಮಾಡಿತು. ಗುಂಡಿ ಒತ್ತುವ ಜಾವಾ ಫೋನು, ಕುಂಟುವ 2ಜಿ ಸಿಗ್ನಲ್ಲು, ಅಳೆದು ಹಾಕಿಸಿದ ಕರೆನ್ಸಿ. ಇಷ್ಟರಲ್ಲೇ ಪುಟ ತೆರೆಯುತ್ತಿತ್ತು. ಗುಟ್ಟೇನೆಂದರೆ, ಪುಟವನ್ನು ತರುತ್ತಿದ್ದದ್ದು ನಮ್ಮ ಫೋನಲ್ಲ. ಒಪೆರಾದ ಸರ್ವರ್ ಅದನ್ನು ತರಿಸಿಕೊಂಡು, ಓದಿ, ಹಿಂಡಿ ಸಣ್ಣದು ಮಾಡಿ ನಮಗೆ ಕಳಿಸುತ್ತಿತ್ತು. ಬೀಗ ಹಾಕಿದ ಎಚ್‌ಟಿಟಿಪಿಎಸ್ ಪುಟವೂ ಆ ಸರ್ವರಿನಲ್ಲಿ ಬೀಗ ತೆರೆದೇ ಬರಬೇಕಿತ್ತು.

ಕನ್ನಡದ ಕತೆ ಇನ್ನೂ ಸ್ವಾರಸ್ಯದ್ದು. ಆ ಫೋನುಗಳಲ್ಲಿ ಕನ್ನಡ ಫಾಂಟ್ ಇರುತ್ತಿರಲಿಲ್ಲ, ಅಕ್ಷರದ ಬದಲು ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಒಪೆರಾ ಮಿನಿಯ ವಿಳಾಸಪಟ್ಟಿಯಲ್ಲಿ 'ಕಾನ್ಫಿಗ್' ಪುಟ ತೆರೆದು ಬಿಟ್‌ಮ್ಯಾಪ್ ಫಾಂಟಿನ ಆಯ್ಕೆಯನ್ನು 'ಯೆಸ್' ಮಾಡಿದರೆ, ದೂರದ ಸರ್ವರ್ ಕನ್ನಡವನ್ನು ಚಿತ್ರವಾಗಿ ಬರೆದು ಕಳಿಸುತ್ತಿತ್ತು. ಹಾಸ್ಟೆಲುಗಳಲ್ಲಿ ಈ ಉಪಾಯ ಬಾಯಿಂದ ಬಾಯಿಗೆ ಹಬ್ಬಿತ್ತು. ನನ್ನ ವಯಸ್ಸಿನ ಎಷ್ಟೋ ಜನ ಫೋನಿನಲ್ಲಿ ಮೊದಲು ಓದಿದ ಕನ್ನಡ ಹೀಗೆ ಬೇರೊಬ್ಬರು ಓದಿ, ಬರೆದು ಕಳಿಸಿದ ಕನ್ನಡ. ನಾನದನ್ನು ದೂರುತ್ತಿಲ್ಲ. ಆ ಚಿತ್ರಗಳಿಲ್ಲದಿದ್ದರೆ ಆಗ ಫೋನಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ.

ಮುಂದೆ ಬಂದ ಯುಸಿ ಬ್ರೌಸರ್‌ನ ವೇಗದ ಹಿಂದೆಯೂ ಇಂಥದೇ ಮಧ್ಯಸ್ಥ ಸರ್ವರ್ ಇತ್ತು. 2015ರ ಮೇ ತಿಂಗಳಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಅದರ ಆಂಡ್ರಾಯ್ಡ್ ಆವೃತ್ತಿಗಳನ್ನು ಪರೀಕ್ಷಿಸಿ, ಹುಡುಕಿದ ಪದಗಳೂ ಫೋನಿನ ಗುರುತುಗಳೂ ಸರಿಯಾದ ಗೂಢಲಿಪಿಯಿಲ್ಲದೆ ಸೋರುತ್ತಿವೆ ಎಂದು ತೋರಿಸಿತು. ಭಾರತ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಇದೂ ಒಂದು. ಅಷ್ಟರಲ್ಲಿ, 2016ರ ಸೆಪ್ಟೆಂಬರಿನಲ್ಲಿ ಶುರುವಾದ ಜಿಯೋದಿಂದ ಡೇಟಾ ಅಗ್ಗವಾಗಿ, ಹಿಂಡಿ ಕಳಿಸುವವರ ಅಗತ್ಯವೇ ಕಡಿಮೆಯಾಗಿತ್ತು.

ಅದೇ ಹೊತ್ತಿಗೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ 2012ರಲ್ಲಿ ಹಾಕಿದ್ದ ಅರ್ಜಿ ದೊಡ್ಡ ಪ್ರಶ್ನೆಯಾಗಿ ಬೆಳೆದಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು.

ಆದರೆ ಓದುವವರು ಹೋಗಲಿಲ್ಲ, ಜಾಗ ಬದಲಿಸಿದರು. 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲ್ಲಿ ರೂಪಿಸಿದ ಕುಕಿ, ಒಂದು ತಾಣ ತನ್ನ ಓದುಗನನ್ನು ನೆನಪಿಟ್ಟುಕೊಳ್ಳಲೆಂದು ಇದ್ದ ಸಣ್ಣ ಚೀಟಿ. ಜಾಹೀರಾತಿನವರು ಅದನ್ನೇ ಹಿಡಿದು ತಾಣದಿಂದ ತಾಣಕ್ಕೆ ನಮ್ಮ ಬೆನ್ನು ಹತ್ತಿದರು. ಇಲ್ಲೊಂದು ತಿರುವು ಇದೆ. ಒಪೆರಾ ಮಿನಿಯ ಕಾಲದಲ್ಲಿ ವೇಗ ಬೇಕಿದ್ದರೆ ಗುಟ್ಟು ಬಿಟ್ಟುಕೊಡಬೇಕಿತ್ತು. ಈಗ ಕಡಿಮೆ ಬೆಲೆಯ ಫೋನನ್ನು ನಿಧಾನ ಮಾಡುವುದರಲ್ಲಿ ಈ ಹಿಂಬಾಲಕ ಸ್ಕ್ರಿಪ್ಟುಗಳದೇ ದೊಡ್ಡ ಪಾಲು. ಅವನ್ನು ತಡೆದರೆ ಇಳಿಸಿಕೊಳ್ಳುವುದು ಕಡಿಮೆ, ಪುಟ ಬೇಗ ತೆರೆಯುತ್ತದೆ. ಕಲಘಟಗಿಯ ಕಾಡಿನಂಚಿನ ಊರುಗಳ ಸಿಗ್ನಲ್ಲಿನಲ್ಲಿ ಇದು ಸಣ್ಣ ಮಾತಲ್ಲ.

ಬ್ರೇವ್ ಇವನ್ನು ತಾನಾಗಿಯೇ ತಡೆಯುತ್ತದೆ, ವೇಗವೂ ಇದೆ. ಆದರೆ 2020ರಲ್ಲಿ ಕೆಲವು ವಿಳಾಸಗಳಿಗೆ ತನ್ನ ಕಮಿಷನ್ ಕೋಡನ್ನು ಸದ್ದಿಲ್ಲದೆ ಸೇರಿಸುತ್ತಿದ್ದದ್ದು ಬಯಲಾಗಿ ಅದರ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. ಫೈರ್‌ಫಾಕ್ಸ್ 2019ರಿಂದ ಹಿಂಬಾಲಕ ಕುಕಿಗಳನ್ನು ತಾನಾಗಿ ತಡೆಯುತ್ತಿದೆ. ಅದರ ಆದಾಯದ ಬಹುಪಾಲು ಗೂಗಲ್ ಒಪ್ಪಂದದಿಂದಲೇ ಬರುತ್ತದೆಂಬುದು ವಿಚಿತ್ರ. ಆದರೂ ನನ್ನ ಮತ ಅದಕ್ಕೇ. ಫೋನಿನಲ್ಲೂ ಯುಬ್ಲಾಕ್ ಒರಿಜಿನ್ ಹಾಕಿಕೊಳ್ಳಬಹುದು, ಮೆನುಗಳು ಕನ್ನಡದಲ್ಲಿ ಸಿಗುತ್ತವೆ. ಆ ಕನ್ನಡ ಸ್ವಯಂಸೇವಕರ ದುಡಿಮೆ.

ಇನ್ನೊಂದು ಮಾತು, ಮನೆಗೆ ಒಂದೇ ಫೋನು ಇರುವ ಹುಡುಗಿಯರ ಬಗ್ಗೆ. ತನ್ನ ಕಾಯಿಲೆಯ ಬಗ್ಗೆ ಹುಡುಕುವವಳಿಗೆ ಮೊದಲ ಅಂಜಿಕೆ ಅಣ್ಣನದು, ಅಪ್ಪನದು. ಕಂಪನಿಯದು ಆಮೇಲೆ. ಕ್ರೋಮ್‌ನ ಇನ್‌ಕಾಗ್ನಿಟೊ ಮನೆಯವರ ಕಣ್ಣಿನಿಂದ ಮರೆಮಾಡುತ್ತದೆ, ಅಷ್ಟೇ. ಆ ಕಿಟಕಿಯಲ್ಲೂ ಮಾಹಿತಿ ಸಂಗ್ರಹವಾಗುತ್ತಿತ್ತೆಂಬ ಅಮೆರಿಕದ ಮೊಕದ್ದಮೆಯಲ್ಲಿ ಗೂಗಲ್ 2024ರಲ್ಲಿ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಒಪ್ಪಿಕೊಂಡಿತು. ಫೈರ್‌ಫಾಕ್ಸ್ ಬಳಸುವವಳು ಸೆಟ್ಟಿಂಗಿನಲ್ಲಿ, ಮುಚ್ಚುವಾಗ ನೋಡಿದ್ದನ್ನೆಲ್ಲ ಅಳಿಸುವ ಆಯ್ಕೆಯನ್ನು ಒಮ್ಮೆ ಒತ್ತಿಟ್ಟರಾಯಿತು. ಆಮೇಲೆ ಫೋನನ್ನು ಅಣ್ಣನ ಕೈಗೆ ಕೊಡುವ ಮುನ್ನ ಮೆನುವಿನಲ್ಲಿ 'ಕ್ವಿಟ್' ಒತ್ತಬೇಕು.