ರೊಟ್ಟಿಯ ತಾಟು ಮತ್ತು ಹಬಶಿಗಳ ನಾಡು

ರಾಯಚೂರಿನ ಖಾನಾವಳಿಯಲ್ಲಿ ಉಣ್ಣಲು ಕುಳಿತವರ ತಾಟಿಗೆ ಏನೇನು ಬರುತ್ತದೆಂಬುದನ್ನು ನೀವು ಬಲ್ಲಿರಿ: ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ, ಉಳ್ಳಾಗಡ್ಡಿ, ಬದಿಗೆ ಗುರೆಳ್ಳಿನ ಪುಡಿ. ದೇವದುರ್ಗಕ್ಕೆ ಹೋದರೂ ಮಾನ್ವಿಗೆ ಹೋದರೂ ಈ ತಾಟು ಹೆಚ್ಚು ಬದಲಾಗುವುದಿಲ್ಲ. ಇದಕ್ಕಿಂತ ನಮ್ಮದಾದ ಊಟ ಮತ್ತಾವುದು ಎನ್ನಬಹುದು. ಆದರೆ ಈ ತಾಟಿನ ಎರಡು ಪದಾರ್ಥಗಳಿಗೆ ಕಡಲಾಚೆಯ ತವರುಮನೆಯೊಂದುಂಟು. ಅದು ಹಬಶಿಗಳ ನಾಡಿನ ಕಡೆಗಿದೆ.

ಹಿಂದೆ ಅಬಿಸೀನಿಯ ಎನಿಸಿಕೊಂಡು ಇಂದು ಇಥಿಯೋಪಿಯ ಎಂಬ ಹೆಸರಿನಿಂದಿರುವ ಆ ದೇಶದ ಸಾಮಾನ್ಯ ಖಾನಾವಳಿಗೆ ನೀವು ಹೋದಿರಿ ಎಂದು ಭಾವಿಸಿರಿ. ಆಡಿಸ್ ಅಬಾಬಾಕ್ಕೇ ಹೋಗಬೇಕೆಂದಿಲ್ಲ. 1974ರ ಕ್ರಾಂತಿಯ ಬಳಿಕ ಊರು ಬಿಟ್ಟವರು ಅಮೆರಿಕದ ವಾಷಿಂಗ್ಟನ್ ಮೊದಲಾದ ನಗರಗಳಲ್ಲಿಯೂ ಅಂಥವನ್ನು ತೆರೆದಿದ್ದಾರೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಾಟಿಲ್ಲ. ದೊಡ್ಡ ಹರಿವಾಣದ ತುಂಬ ‘ಇಂಜೆರಾ’ ಎಂಬ ಅಗಲವಾದ, ಮೆತ್ತನೆಯ ರೊಟ್ಟಿ ಹಾಸಿರುತ್ತದೆ. ಸಾಸಿವೆಗಿಂತಲೂ ಸಣ್ಣದಾದ ‘ಟೆಫ್’ ಎಂಬ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿಬರಿಸಿ, ಹಂಚಿನ ಮೇಲೆ ಒಂದೇ ಮಗ್ಗುಲಿಗೆ ಬೇಯಿಸುತ್ತಾರೆ. ಅದರ ಮೇಲೆ ಅಲ್ಲಲ್ಲಿ ಖಾರದ ಬೇಳೆ, ಕಡಲೆಹಿಟ್ಟಿನ ಗಟ್ಟಿ ಸಾರು, ಸೊಪ್ಪು, ಮಾಂಸ. ಸುತ್ತ ಕುಳಿತವರು ಬಲಗೈಯಿಂದ ರೊಟ್ಟಿ ಹರಿದು, ಅದರಲ್ಲಿಯೇ ಪಲ್ಯ ಹಿಡಿದು ಉಣ್ಣುತ್ತಾರೆ. ಬೇಕಾದವರ ಬಾಯಿಗೆ ತುತ್ತಿಡುವುದು ಪ್ರೀತಿಯ ಕುರುಹು. ಅದಕ್ಕೆ ‘ಗುರ್ಶಾ’ ಎನ್ನುತ್ತಾರೆ. ಬುಧವಾರ ಶುಕ್ರವಾರಗಳಂದು ಅಲ್ಲಿನ ಸನಾತನ ಕ್ರೈಸ್ತರು ಮಾಂಸ, ಹಾಲು, ತುಪ್ಪ ಮುಟ್ಟರು. ಆ ದಿನಗಳಲ್ಲಿ ನಮ್ಮ ಶಾಕಾಹಾರಿಗಳಿಗೂ ಊಟಕ್ಕೆ ಕೊರತೆಯಿಲ್ಲ.

ಈಗ ನಮ್ಮ ತಾಟಿಗೆ ಮರಳೋಣ. ಗುರೆಳ್ಳನ್ನು ಮೊದಲು ಬೆಳೆಸಿದವರು ಇಥಿಯೋಪಿಯದ ಎತ್ತರದ ನಾಡಿನ ರೈತರು. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರಿನಲ್ಲಿಯೇ ಅಬಿಸೀನಿಯವಿದೆ. ಜೋಳದ ಕಥೆ ಇನ್ನೂ ಹಳೆಯದು. ಇಥಿಯೋಪಿಯಕ್ಕೆ ಅಂಟಿಕೊಂಡ ಪೂರ್ವ ಸೂಡಾನಿನಲ್ಲಿ ಸುಮಾರು 5000 ವರ್ಷಗಳ ಹಿಂದೆಯೇ ಜನ ಅದನ್ನು ಬೆಳೆಯುತ್ತಿದ್ದುದಕ್ಕೆ ಕುರುಹುಗಳು ದೊರೆತಿವೆ. ಅಲ್ಲಿಂದ ಅದು ಭಾರತಕ್ಕೆ ಬಂದು ಸುಮಾರು 4000 ವರ್ಷಗಳಾದುವೆಂದು ವಿದ್ವಾಂಸರ ಅಭಿಪ್ರಾಯ. ಇಂದಿಗೂ ಇಥಿಯೋಪಿಯದಲ್ಲಿ ಟೆಫ್ ದೊರೆಯದ ಕಡೆ ಜೋಳದ ಹಿಟ್ಟಿನಿಂದಲೇ ಇಂಜೆರಾ ಮಾಡುವುದುಂಟು. ಎರಡೂ ಊಟಗಳಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಮಾತ್ರ ಎರಡು ನಾಡಿಗೂ ಪರದೇಶಿಯೇ. ಅದು ಅಮೆರಿಕದ ಕೊಡುಗೆ.

ಧಾನ್ಯ ಬಂದ ಬಹುಕಾಲದ ಮೇಲೆ ಜನರೂ ಬಂದರು. ಆದರೆ ಅವರು ತಾವಾಗಿ ಬಂದವರಲ್ಲ. ಬಹಮನಿ ಹಾಗೂ ಆದಿಲಶಾಹಿ ಸುಲ್ತಾನರಿಗೆ ಊರಲ್ಲಿ ನೆಂಟರಿಲ್ಲದ, ಒಡೆಯನನ್ನೇ ನಂಬಿದ ಸಿಪಾಯಿಗಳು ಬೇಕಾಗಿದ್ದರು. ಗುಲಾಮರ ಸಂತೆಗಳಲ್ಲಿ ಕೊಂಡ ಹಬಶಿಗಳು ಹೀಗೆ ದಖ್ಖಣಕ್ಕೆ ಬಂದರು. ಅಂಬರ್, ಯಾಕೂತ್ ಎಂದು ಸುಗಂಧಗಳ, ರತ್ನಗಳ ಹೆಸರನ್ನು ಅವರಿಗೆ ಇಡುತ್ತಿದ್ದರು. ರಾಯಚೂರಿನ ‘ಏಕ್ ಮಿನಾರ್ ಮಸೀದಿ’ಯನ್ನು ನೀವು ನೋಡಿದ್ದೀರಷ್ಟೆ. ಬಹಮನಿ ಮಹಮೂದ್ ಶಾಹನ ಕಾಲದಲ್ಲಿ, 1513ರಲ್ಲಿ, ಅದನ್ನು ಕಟ್ಟಿಸಿದವನ ಹೆಸರು ಅಂಬರ್ ಎಂದು ಅಲ್ಲಿಯ ಪಾರಸಿ ಶಾಸನ ಹೇಳುತ್ತದೆ. ಕೃಷ್ಣದೇವರಾಯನು ರಾಯಚೂರನ್ನು ಗೆದ್ದದ್ದು ಏಳು ವರ್ಷಗಳ ಅನಂತರ, 1520ರಲ್ಲಿ. ಅಹಮದನಗರವನ್ನು ಮೊಗಲರಿಂದ ಕಾಪಾಡಿದ ಹಬಶಿ ಮಲಿಕ್ ಅಂಬರ್ ಬೇರೆಯವನು. ಅವನು ತೀರಿಕೊಂಡದ್ದು 1626ರಲ್ಲಿ.

ಮುಂದೆ ರಾಯಚೂರು ಸೀಮೆ ಬಿಜಾಪುರಕ್ಕೆ ಸೇರಿದ್ದಾಗ, 1582ರಿಂದ ಕೆಲವು ವರ್ಷ, ಬಾಲಕ ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರಿನಲ್ಲಿ ರಾಜ್ಯವಾಳಿದವನು ದಿಲಾವರ್ ಖಾನ್ ಎಂಬ ಹಬಶಿ. ಬಿಜಾಪುರದ ಕೊನೆಯ ದಿನಗಳಲ್ಲಿ ಮಂತ್ರಿಯಾಗಿದ್ದ ಸಿದ್ದಿ ಮಸೂದನು ತುಂಗಭದ್ರೆಯ ಆಚೆಯ ಆದವಾನಿಯಲ್ಲಿ ನೆಲೆಸಿದನು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳ ಚರಿತ್ರೆ ಬೇರೆ. ಅವರ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರ ಗೋವೆಯ ಮೂಲಕ ಬಂದವರು.

ಬೆಲೆಗೆ ಮಾರಾಟವಾಗಿ ಇಷ್ಟು ದೂರ ಬಂದ ಹುಡುಗನೊಬ್ಬನು ಈ ಸೀಮೆಯ ಹೊಲಗಳಲ್ಲಿ ಜೋಳದ ತೆನೆಯನ್ನು ಕಂಡಾಗ ಏನೆಂದುಕೊಂಡಿರಬಹುದು? ಭಾಷೆ, ದೇವರು, ಹೆಸರು ಎಲ್ಲವೂ ಬದಲಾದವನಿಗೆ ಪರಿಚಿತವಾಗಿ ಉಳಿದದ್ದು ಅದೊಂದೇ ಆಗಿದ್ದೀತು. ಅವನ ನಾಡಿನ ಬೆಳೆಯನ್ನು ನಾವು ನಮ್ಮದೆಂದು ಒಪ್ಪಿಕೊಂಡೆವು. ಅವನನ್ನು ಮಾತ್ರ ಮರೆತೆವು.

ಆ ಬೆಳೆಯೂ ಈಗ ಸರಿಯುತ್ತಿದೆ. 1953ರಲ್ಲಿ ತುಂಗಭದ್ರೆಯ ನೀರು ನಿಂತ ಮೇಲೆ ಎಡದಂಡೆ ಕಾಲುವೆ ಹರಿದ ಮಾನ್ವಿಯ ಎರೆಹೊಲಗಳು ಭತ್ತದ ಗದ್ದೆಗಳಾದುವು. ದೇವದುರ್ಗಕ್ಕೂ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದಿತು. ನೀರು ಬಂದದ್ದು ಒಳ್ಳೆಯದೇ. ಹಸಿದವನಿಗೆ ಯಾವ ಅನ್ನವೂ ದೊಡ್ಡದು. ಆದರೆ ಮಳೆ ಕೈಕೊಟ್ಟ ವರ್ಷವೂ ನೆಲದ ಹಸಿಯನ್ನೇ ನಂಬಿ ತೆನೆಬಿಡುವ ಹಿಂಗಾರಿ ಬಿಳಿಜೋಳವನ್ನು ಕೈಬಿಡುವ ಮೊದಲು ಎರಡು ಸಲ ಯೋಚಿಸಬೇಕು.

ಮುಂದೆಂದಾದರೂ ಪರಊರಿನಲ್ಲಿ ಇಥಿಯೋಪಿಯದವರ ಖಾನಾವಳಿ ಕಂಡರೆ, ಓದುಗರೆ, ಸಂಕೋಚಪಡದೆ ಒಳಗೆ ಹೋಗಿರಿ. ಹರಿವಾಣದ ಸುತ್ತ ಕುಳಿತವರು ನಿಮಗೆ ಹೊಸಬರಾಗಿ ಕಂಡಾರು. ನಮ್ಮ ಅವರ ನಂಟು ಮಾತ್ರ ಹೊಸದಲ್ಲ.