ಬಾಲ್ ಪೈಥಾನ್ ಸಾಕಣೆ: ಕಾವಿನ ನಿಯಂತ್ರಣ

ಬಾಲ್ ಪೈಥಾನ್ (ಪೈಥಾನ್ ರೀಜಿಯಸ್) ಪಶ್ಚಿಮ ಮತ್ತು ಮಧ್ಯ ಆಫ್ರಿಕದ ವಿಷರಹಿತ ಹೆಬ್ಬಾವು. ಹಲವು ದೇಶಗಳಲ್ಲಿ ಸಾಕುಪ್ರಾಣಿ. ಇತರ ಹಾವುಗಳಂತೆ ಇದೂ ಶೀತರಕ್ತಪ್ರಾಣಿ. ದೇಹದ ಕಾವನ್ನು ಪರಿಸರದಿಂದಲೇ ಪಡೆಯುತ್ತದೆ. ಆದ್ದರಿಂದ ಅದನ್ನು ಸಾಕುವ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿ ಇರಬೇಕು. ಬೆಚ್ಚನೆಯ ತುದಿಯ ನೆಲ ಸುಮಾರು 31–33° ಸೆ., ತಂಪು ತುದಿ 24–27° ಸೆ. ಇರಿಸುವುದು ವಾಡಿಕೆ. ಎರಡೂ ಕಡೆ ಅಡಗುತಾಣ ಬೇಕು. ಇಲ್ಲದಿದ್ದರೆ ಅಂಜುಬುರುಕ ಹಾವು ಬೇಕಾದ ಕಾವನ್ನು ಬಿಟ್ಟು ಮರೆಯಿರುವ ಕಡೆಯೇ ಮುದುಡಿ ಮಲಗುತ್ತದೆ.

ಕಾವಿಗೆ ಪೆಟ್ಟಿಗೆಯ ಅಡಿಯಲ್ಲಿ ಹೀಟ್ ಮ್ಯಾಟ್, ಮೇಲ್ಗಡೆ ಹ್ಯಾಲೊಜೆನ್ ದೀಪ ಅಥವಾ ಬೆಳಕು ಬೀರದ ಸಿರಾಮಿಕ್ ಹೀಟರ್ ಬಳಸುತ್ತಾರೆ. ಯಾವುದೇ ಆದರೂ ಕಾವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಜೋಡಿಸಲೇಬೇಕು. ಅದರ ಸೆನ್ಸರ್ ಜಾಗ ಬಿಟ್ಟು ಜಾರಿದರೆ ಮ್ಯಾಟ್ ಮಿತಿಮೀರಿ ಕಾಯುತ್ತದೆ. ಒಳಗಿನ ದೀಪಕ್ಕೆ ತಂತಿಬಲೆಯ ಕವಚ ಅಗತ್ಯ: ಸುಡುವ ಮೇಲ್ಮೈಯಿಂದ ಹಾವು ತಟ್ಟನೆ ಸರಿಯದೆ ಮೈ ಸುಟ್ಟುಕೊಳ್ಳುವುದುಂಟು. ಕಾವು ಸಾಲದಿದ್ದರೆ ಜೀರ್ಣಕ್ರಿಯೆ ಕುಂಠಿತಗೊಂಡು ನುಂಗಿದ ಇಲಿಯನ್ನು ಕಕ್ಕಬಹುದು. ಉಸಿರಾಟದ ಸೋಂಕೂ ತಗಲಬಹುದು.

ಮೇಲಿನ ಮಾತು ವಿದೇಶಿ ಬಾಲ್ ಪೈಥಾನ್‌ಗೆ ಮಾತ್ರ; ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವು ಮೊದಲಾದ ದೇಶೀಯ ಹಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಿಷಿದ್ಧ.